ಕಾಡಿನ ಲೆಕ್ಕ ಜಿಲ್ಲೆಗೂ ಬರಲಿ

‘ಕೊಡಗಿನಿಂದ ಬರುವ ತೆರಿಗೆಯೇ ಕಡಿಮೆ, ಹೆಚ್ಚು ಅನುದಾನ ಕೇಳುವುದು ಹೇಗೆ’ ಎಂದು ಪತ್ರಿಕೆಯ ಲೇಖನವೊಂದು ಕೇಳಿದೆ; ಆ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಪಂಪ್‌ಸೆಟ್ಟಿನ ಡೀಸೆಲ್‌ಗೂ ತೋಟದ ಗೊಬ್ಬರಕ್ಕೂ ನಾವು ತೆರಿಗೆ ಕೊಟ್ಟೇ ಕೊಳ್ಳುತ್ತೇವೆ. ಅದಿರಲಿ, 15ನೇ ಹಣಕಾಸು ಆಯೋಗವು ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಅರಣ್ಯ ಮತ್ತು ಪರಿಸರಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ಆಗ ಕರ್ನಾಟಕದ ಒಟ್ಟು ಪಾಲು ಶೇ 4.71ರಿಂದ 3.65ಕ್ಕೆ ಇಳಿದರೂ, ಬಂದ ಹಣದಲ್ಲಿ ಕೊಡಗಿನ ಬ್ರಹ್ಮಗಿರಿ, ಪುಷ್ಪಗಿರಿಯ ಕಾಡಿನ ಲೆಕ್ಕವೂ ಸೇರಿತ್ತು. ದೆಹಲಿಯಲ್ಲಿ ಎಣಿಕೆಗೆ ಸಿಕ್ಕ ಈ ಕಾಡು ಬೆಂಗಳೂರಿನಲ್ಲಿ ಜಿಲ್ಲೆಗಳಿಗೆ ಹಣ ಹಂಚುವಾಗಲೂ ಎಣಿಕೆಗೆ ಬರಬೇಕು. 2018ರ ಆಗಸ್ಟ್ ಮಳೆಗೆ ನಮ್ಮ ತೋಟದ ಕೆಳಗಿನ ರಸ್ತೆಯ ಅಂಚು ಕುಸಿಯಿತು. ಅಲ್ಲಿ ಒಟ್ಟಿದ ಮರಳಿನ ಚೀಲಗಳು ಹರಿದು, ಮೇಲೆ ಹುಲ್ಲು ಬೆಳೆದಿದೆ. ತಡೆಗೋಡೆ ಇನ್ನೂ ಬಂದಿಲ್ಲ.