ಇಂಟರ್‌ಕೂಲರ್‌ಗಾಗಿ ಬಂಪರ್ ಕತ್ತರಿಸುವ ಮುನ್ನ

ಕಾರಿಗೆ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಅಳವಡಿಸುವಾಗ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಜಾಗ ಮಾಡಲು ಬಂಪರ್‌ನ ಹಿಂದಿನ ಉಕ್ಕಿನ ತೊಲೆಯನ್ನು ಕತ್ತರಿಸಬಹುದೆಂಬ ಸಲಹೆಯನ್ನು ಒಪ್ಪಲಾರೆ. ಮುಂಭಾಗದ ಡಿಕ್ಕಿಯ ಹೊಡೆತವನ್ನು ಮೊದಲು ತಾಳಿಕೊಳ್ಳುವುದೇ ಆ ತೊಲೆ. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿಯಿಂದ ಪೆಟ್ರೋಲ್ ಎಂಜಿನ್ ನಾಕ್ ಆಗಬಹುದು (ಇಂಧನ ತಾನಾಗಿಯೇ ಸಿಡಿದು ಬಡಿತದ ಸದ್ದು ಬರುವುದು), ಆದ್ದರಿಂದ ಇಂಟರ್‌ಕೂಲರ್ ಬೇಕು ನಿಜ. ಆದರೆ ಅದನ್ನು ರೇಡಿಯೇಟರ್‌ನ ಮುಂದೆ ಕೂರಿಸಿ ಸುತ್ತಲಿನ ಸಂದುಗಳನ್ನು ಹಾಗೆಯೇ ಬಿಟ್ಟರೆ, ಎದುರಿನಿಂದ ಬೀಸುವ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳಿಬಿಡುತ್ತದೆ; ರೇಡಿಯೇಟರ್‌ಗೆ ಸಾಕಷ್ಟು ಗಾಳಿ ಸಿಗದೆ ಎಂಜಿನ್ ಬಿಸಿಯೇರುತ್ತದೆ. ನನ್ನ ಹಳೆಯ ಕಾರಿನಲ್ಲಿ ಆದದ್ದೂ ಇದೇ: ಏಪ್ರಿಲ್‌ನ ಒಂದು ಮಧ್ಯಾಹ್ನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟವನು ಭರಮಸಾಗರ ದಾಟುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಅಲ್ಯೂಮಿನಿಯಂ ತಗಡು ಮಡಿಸಿ, ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿ ಸಂದುಗಳನ್ನು ಮುಚ್ಚಿಸಿದ ಮೇಲೆ ಮುಳ್ಳು ನಡುಗೆರೆಯನ್ನು ದಾಟಿಲ್ಲ. ತೊಲೆಯನ್ನು ಮುಟ್ಟಲೇ ಇಲ್ಲ.