ಪ್ರಕ್ಷೇಪಣದ ಪಾಠ ಮೊದಲೇ ಬರಲಿ

ಜಿಐಎಸ್ (ಸ್ಥಳಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿಸಿ ವಿಶ್ಲೇಷಿಸುವ ವ್ಯವಸ್ಥೆ) ಕಲಿಯುವವರು ಮೊದಲು ಕ್ಯೂಜಿಐಎಸ್ ಎಂಬ ತಂತ್ರಾಂಶ ತೆರೆದು ನಕ್ಷೆಯ ಪದರಗಳನ್ನು ಸೇರಿಸುತ್ತಾ ಹೋಗಲಿ, ಪರಿಕಲ್ಪನೆಗಳು ತಾವಾಗಿಯೇ ತಿಳಿಯುತ್ತವೆ ಎಂದು ಜಿಐಎಸ್ ಕಲಿಕೆಯ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಮಾಡುತ್ತಾ ಕಲಿಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಿರ್ದೇಶಾಂಕ ವ್ಯವಸ್ಥೆ (ಸ್ಥಳವನ್ನು ಸಂಖ್ಯೆಗಳಲ್ಲಿ ಗುರುತಿಸುವ ಕ್ರಮ) ಮತ್ತು ನಕ್ಷಾ ಪ್ರಕ್ಷೇಪಣದ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ವಿಷಯದಲ್ಲಿ ಈ ಮಾತು ಸಲ್ಲುವುದಿಲ್ಲ, ಏಕೆಂದರೆ ಇಲ್ಲಿ ತಪ್ಪಾದಾಗ ತಂತ್ರಾಂಶ ಎಷ್ಟೋ ಸಲ ಎಚ್ಚರಿಸದೆ, ತಪ್ಪು ಉತ್ತರವನ್ನೇ ಅಚ್ಚುಕಟ್ಟಾದ ನಕ್ಷೆಯಾಗಿ ಮುಂದಿಡುತ್ತದೆ.

ಜಿಪಿಎಸ್ ಬಳಸುವ ಜಾಗತಿಕ ನಿರ್ದೇಶಾಂಕ ವ್ಯವಸ್ಥೆಯಾದ ಡಬ್ಲ್ಯುಜಿಎಸ್ 84ರಲ್ಲಿರುವ ಅಕ್ಷಾಂಶ-ರೇಖಾಂಶಗಳ ಮಾನ ಡಿಗ್ರಿ. ಒಂದು ಡಿಗ್ರಿ ರೇಖಾಂಶದ ಅಂತರ ಸಮಭಾಜಕದ ಮೇಲೆ ಸುಮಾರು 111 ಕಿ.ಮೀ. ಇದ್ದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧದಷ್ಟೇ ಆಗುತ್ತದೆ. ಹೀಗಾಗಿ ಅಲ್ಲಿ ಡಿಗ್ರಿಯಲ್ಲೇ ಬಫರ್ (ಒಂದು ಬಿಂದುವಿನ ಸುತ್ತ ನಿಗದಿತ ದೂರದ ವಲಯ) ಎಳೆದರೆ, ಪರದೆಯ ಮೇಲೆ ದುಂಡಗೆ ಕಾಣುವ ವೃತ್ತ ನೆಲದ ಮೇಲೆ ಪೂರ್ವ-ಪಶ್ಚಿಮವಾಗಿ ಕುಗ್ಗಿದ ಅಂಡಾಕಾರವಾಗಿರುತ್ತದೆ. ದೂರ ಅಳೆಯುವ ಮುನ್ನ ದತ್ತಾಂಶವನ್ನು ಆಯಾ ಪ್ರದೇಶದ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ವಿಭಜಿಸಿ ಮೀಟರ್‌ನಲ್ಲಿ ಅಳೆಯುವ ಪ್ರಕ್ಷೇಪಣ) ವಲಯದಂಥ ಮೀಟರ್ ವ್ಯವಸ್ಥೆಗೆ ಪರಿವರ್ತಿಸುವುದು ಇದಕ್ಕಾಗಿಯೇ.

ಹೊಸಬರು ಹೆಚ್ಚಾಗಿ ಎಡವುವುದು ಈ ಪರಿವರ್ತನೆಯಲ್ಲಿ. ಪದರದ ನಿರ್ದೇಶಾಂಕ ವ್ಯವಸ್ಥೆಯ ಹೆಸರನ್ನಷ್ಟೇ ಬದಲಿಸಿದರೆ ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಮರುಪ್ರಕ್ಷೇಪಣ ಮಾಡಿದಾಗ ಮಾತ್ರ ಪ್ರತಿಯೊಂದು ಬಿಂದುವಿನ ನಿರ್ದೇಶಾಂಕವೂ ಹೊಸದಾಗಿ ಲೆಕ್ಕವಾಗುತ್ತದೆ. 45 ಡಿಗ್ರಿ ರೇಖಾಂಶಕ್ಕೆ, ಅಂತರ್ಜಾಲದ ನಕ್ಷೆಗಳಲ್ಲಿ ಬಳಸುವ ಮೀಟರ್ ಮಾನದ ವೆಬ್ ಮರ್ಕೇಟರ್ ಪ್ರಕ್ಷೇಪಣದ ಹೆಸರು ಅಂಟಿಸಿದರೆ ತಂತ್ರಾಂಶ ಅದನ್ನು 45 ಮೀಟರ್ ಎಂದೇ ಓದುತ್ತದೆ, ಇಡೀ ದೇಶವೊಂದು ಅಕ್ಷಾಂಶ-ರೇಖಾಂಶ ಎರಡೂ ಸೊನ್ನೆಯಾಗುವ, ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ನೀರಿನಲ್ಲಿ ಕೆಲವೇ ಮೀಟರ್ ಅಗಲದ ಚುಕ್ಕೆಯಾಗಿ ಬೀಳುತ್ತದೆ.

ರಾಸ್ಟರ್ (ಚೌಕಗಳ ಜಾಲ) ಮತ್ತು ವೆಕ್ಟರ್ (ಬಿಂದು, ರೇಖೆ, ಬಹುಭುಜ) ಮಾದರಿಗಳ ವಿವರಣೆ ಲೇಖನದಲ್ಲಿ ಬಹಳ ಚೆನ್ನಾಗಿದೆ. ಅದಕ್ಕೂ ಮೊದಲು ಪ್ರಕ್ಷೇಪಣಕ್ಕೆಂದೇ ಒಂದು ಭಾಗವನ್ನು ಲೇಖಕರು ಸೇರಿಸಬೇಕೆಂದು ವಿನಂತಿಸುತ್ತೇನೆ.