ಆಲೆಮನೆಯ ಗಣಿತ

ಮಂಡ್ಯ ಸೀಮೆಯವರಿಗೆ ಲೆಕ್ಕ ಬರಲ್ಲ ಅಂದವರು ಯಾರು? "ಮೂರೂ ಹೆಣ್ಣಾದ್ವು ಕಣವ್ವ, ಈ ಕಿತ ಗಂಡೇಯಾ" ಅನ್ನುವ ಅಜ್ಜಿಗೆ ಸಂಭವನೀಯತೆ ಅರ್ಧ ಗೊತ್ತು. ನಾಲ್ಕು ಹೆರಿಗೆಯಲ್ಲಿ ನಾಲ್ಕೂ ಹೆಣ್ಣಾಗುವುದು ಅರ್ಧವನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 1/16. ಒಂದಾದರೂ ಗಂಡಾಗುವುದು 15/16. ಸರಿಯಾಗಿದೆ. ಆದರೆ ಅದು ಮದುವೆ ಚಪ್ಪರದಡಿ ಹಾಕುವ ಲೆಕ್ಕ. ಅಜ್ಜಿ ಹಾಕುತ್ತಿರುವುದು ಮೂರನೇ ಮಗುವಿನ ತೊಟ್ಟಿಲು ತೂಗುತ್ತಾ. ಆಗಿಹೋದದ್ದರ ಸಂಭವನೀಯತೆ ಈಗ 1. ಮೂರು ಒಂದುಗಳನ್ನು ಅರ್ಧಕ್ಕೆ ಗುಣಿಸಿ ನೋಡಿ, ಅದೇ ಅರ್ಧ. ಪಕ್ಕಾ ಅರ್ಧವೂ ಅಲ್ಲ, 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಅಷ್ಟಕ್ಕೇ ಯಾರೂ ಹಿಗ್ಗುವುದು ಬೇಡ.

ಇನ್ನು ಶಾಸ್ತ್ರ ಕೇಳುವುದು. ಮೂವರು ಜ್ಯೋತಿಷಿಗಳು ತಂತಮ್ಮ ಪಾಡಿಗೆ ಕವಡೆ ಹಾಕಿ ಹೇಳಿದರೆ ಮೂವರೂ ತಪ್ಪುವುದು 1/8. ಒಬ್ಬರಾದರೂ ಗೆಲ್ಲುವುದು 7/8, ಪಂಚೆ ಶಾಲು ಅವರಿಗೆ. ಆದರೆ ಮೂವರೂ ಮನೆಯವರ ಮುಖ ನೋಡಿಯೇ "ಗಂಡು" ಅಂದರೆ? ಆಗ ಅವು ಒಂದರ ಫಲ ಇನ್ನೊಂದಕ್ಕೆ ತಾಗದ ಮೂರು ಸ್ವತಂತ್ರ ಘಟನೆಗಳಲ್ಲ, ಒಂದೇ. 7/8 ಕುಸಿದು ಅರ್ಧಕ್ಕೆ ಬರುತ್ತದೆ. ದಕ್ಷಿಣೆ ಮಾತ್ರ ಮೂರು.

ನಾಣ್ಯಕ್ಕೆ ನೆನಪಿಲ್ಲ, ಗರ್ಭಕ್ಕೂ ಇಲ್ಲ. ಈ ಕೊರತೆ ನೀಗಿಸಿದ ಕೀರ್ತಿ ನಮ್ಮ ಜಿಲ್ಲೆಯದು. 2023ರ ನವೆಂಬರ್‌ನಲ್ಲಿ ಬಯಲಾಯಿತಲ್ಲ, ಕೊಪ್ಪರಿಗೆಯಲ್ಲಿ ಪಾಕ ಕುದಿಯಬೇಕಾದ ಆಲೆಮನೆಯಲ್ಲಿ ಭ್ರೂಣ ಗಂಡೋ ಹೆಣ್ಣೋ ಅಂತ ಸ್ಕ್ಯಾನಿಂಗ್! ಹೆರಿಗೆಗಳು ಒಂದಕ್ಕೊಂದು ಸ್ವತಂತ್ರವೇ ಎಂದು ಪರೀಕ್ಷಿಸುವುದು ಸುಲಭ: ಎರಡು ಹೆಣ್ಣಾದ ಮನೆಗಳನ್ನಷ್ಟೇ ಬೇರೆ ತೆಗೆದು ಮೂರನೆಯ ಮಗುವನ್ನು ಎಣಿಸಿ. ಅಲ್ಲೂ 100ಕ್ಕೆ 105ರ ಆಸುಪಾಸಿನಲ್ಲೇ ಇದ್ದರೆ ಪ್ರಕೃತಿ. ಹತ್ತಿಪ್ಪತ್ತು ಮನೆಯಲ್ಲಲ್ಲ, ಸಾವಿರಾರು ಮನೆಗಳಲ್ಲಿ ಗಂಡು ವಿಪರೀತ ಏರಿದ್ದರೆ ನಡುವೆ ಯಾರೋ ಕೈ ಹಾಕಿದ್ದಾರೆ. ಅಜ್ಜಿಯ ತಪ್ಪು ಲೆಕ್ಕಕ್ಕೆ ಸರಿ ಉತ್ತರ ಬರಿಸುವ ಕೈ.

ಹೋಗಲಿ, ಗಂಡೋ ಹೆಣ್ಣೋ ತೀರ್ಮಾನವಾಗುವುದು ಅಪ್ಪನ ಕಡೆಯ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. ಮಾತು ಕೇಳುವವಳು ಸೊಸೆ, ಗರ್ಭಪಾತಕ್ಕೆ ಮಂಚದ ಮೇಲೆ ಮಲಗುವವಳು ಸೊಸೆ, ರಕ್ತ ಹೋಗುವುದು ಸೊಸೆಯದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ ಕಣ್ರೀ, ಸಾಕಾಗಿದೆ.

ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾಯ್ದೆ 1994ರದು. "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂದು ಸ್ಕ್ಯಾನಿಂಗ್ ಸೆಂಟರುಗಳು ಬೋರ್ಡು ಹಾಕಲೇಬೇಕು. ಆಲೆಮನೆಗೆ ಆ ತಾಪತ್ರಯವಿಲ್ಲ.